ದಾರ ಸುತ್ತಿದ ಕಾಲುಂಗುರ

ನಮ್ಮ ಅತ್ತೆ ಜೀವಮಾನದಲ್ಲಿ ಸೈಕಲ್ ಹತ್ತಿದವರಲ್ಲ. ಅವರ ಕಾಲಕ್ಕೆ ಊರಿನಲ್ಲಿ ಹೆಣ್ಣುಮಕ್ಕಳು ಸೈಕಲ್ ಮುಟ್ಟಿದರೆ ಬೀದಿಯೆಲ್ಲ ಕೂಗು ಹಾಕುತ್ತಿತ್ತಂತೆ. ಸೊಂಟದ ಮೂಳೆ ಮುರಿದು, ಆಪರೇಷನ್ ಆಗಿ ಆಸ್ಪತ್ರೆಯಿಂದ ಬಂದ ಮೇಲೆ, ಫಿಸಿಯೋಥೆರಪಿಯ ಹುಡುಗಿ ಕಬ್ಬಿಣದ ಪುಟ್ಟ ಚೌಕಟ್ಟಿಗೆ ಎರಡು ಪೆಡಲ್ ಸಿಕ್ಕಿಸಿದ್ದ ಒಂದು ಸಾಮಾನನ್ನು ಅವರ ಕುರ್ಚಿಯ ಮುಂದೆ ತಂದಿಟ್ಟಳು. "ಅಜ್ಜಿ, ಕೂತ್ಕೊಂಡೇ ದಿನಾ ಇದನ್ನ ತುಳೀಬೇಕು" ಎಂದಳು. ಅತ್ತೆ ಅದನ್ನು ಆ ಕಡೆಯಿಂದ ಈ ಕಡೆಯಿಂದ ಬಗ್ಗಿ ನೋಡಿದರು.

"ಇದ್ರ ಚಕ್ರ ಎಲ್ಲವ್ವ?"

"ಚಕ್ರ ಇಲ್ಲ ಅಜ್ಜಿ. ಇದು ನಿಂತಲ್ಲೇ ಇರೋ ಸೈಕಲ್ಲು."

"ಅಂಗಾರೆ ತುಳಿದು ಎಲ್ಲಿಗೋಗದು?"

ಹುಡುಗಿ ನಗುತ್ತಾ ನನ್ನ ಮುಖ ನೋಡಿದಳು. ನಾನು, "ಮೇಲಕ್ಕೆ ಅತ್ತೆ. ಮೂರನೇ ಮಹಡಿಗೆ" ಎಂದೆ.

ಅತ್ತೆ ಚಪ್ಪಲಿ ಬಿಟ್ಟು, ದೇವರ ಮನೆಗೆ ಕಾಲಿಡುವ ಹಾಗೆ ಒಂದೊಂದೇ ಪಾದವನ್ನು ಪೆಡಲಿನ ಮೇಲೆ ಇಟ್ಟರು.

ಮೂರನೇ ಮಹಡಿಯಲ್ಲಿ ಮಾವ ಇದ್ದರು.

ನಮ್ಮದು ದೊಡ್ಡನೆಕ್ಕುಂದಿಯ ಹಳೇ ಊರಿನ ಮನೆ. ಅಂದರೆ ಮನೆ ಇದ್ದ ಜಾಗ. ಹೊಲಗಳಿದ್ದ ಕಡೆ ಗಾಜಿನ ಆಫೀಸುಗಳು ಬಂದವು, ಹೆಂಚಿನ ಮನೆ ಕೆಡವಿ ಮಾವ ಈ ಕಟ್ಟಡ ಎಬ್ಬಿಸಿದರು. ಕೆಳಗೆಲ್ಲ ಬಾಡಿಗೆ ಕೋಣೆಗಳು, ತುದಿಯ ಮೂರನೇ ಮಹಡಿಯಲ್ಲಿ ನಾವು. ಇನ್ನೊಂದೆರಡು ಕೋಣೆ ಹೆಚ್ಚು ಸಿಗಲಿ ಎಂದು ಮೆಟ್ಟಿಲುಗಳನ್ನು ಕಿರಿದು ಮಾಡಿಸಿದವರು ಮಾವನೇ. ಲಿಫ್ಟಿಗೆಂದು ಬಿಟ್ಟಿದ್ದ ಜಾಗವನ್ನೂ ಕಡೆಗೆ ಗೋಡೆ ಹಾಕಿ ಕೋಣೆಗೆ ಸೇರಿಸಿಬಿಟ್ಟರು. "ಕಾಲ್ ಗಟ್ಟಿ ಅವೆ, ಲಿಪ್ಟ್ ಯಾಕೆ?" ಎಂದು ಮೇಸ್ತ್ರಿಯ ಮುಂದೆ ತೊಡೆ ತಟ್ಟಿದ್ದು ನನಗೆ ಚೆನ್ನಾಗಿ ನೆನಪಿದೆ. ನಾನಾಗ ಮದುವೆಯಾಗಿ ಹೊಸದಾಗಿ ಬಂದಿದ್ದೆ, ಎಲ್ಲರಿಗೂ ಕಾಫಿ ಕೊಡುತ್ತಿದ್ದೆ.

ಮಾವನಿಗೆ ಲಕ್ವ ಹೊಡೆದು ಬಲಗಡೆ ಪೂರ್ತಿ ಹೋಯಿತು, ಮಾತೂ ಹೋಯಿತು. ಉಳಿದದ್ದು "ಊಂ" ಎನ್ನುವ ಒಂದು ಶಬ್ದ. ಅದರಲ್ಲೇ ಹಸಿವು, ಬೇಸರ, ಸಿಟ್ಟು, ಟಿವಿ ಹಾಕು ಅನ್ನುವುದು ಎಲ್ಲವೂ. ಅದನ್ನು ಬಿಡಿಸಿ ಹೇಳುತ್ತಿದ್ದವರು ಅತ್ತೆ ಒಬ್ಬರೇ. ಮುದ್ದೆಯನ್ನು ಕಡಲೆಕಾಳಿನಷ್ಟು ಮುರಿದು, ಸಾರಿನಲ್ಲಿ ಅದ್ದಿ, ಎಡಗೆನ್ನೆಗೆ ಇಡುತ್ತಿದ್ದವರೂ ಅವರೇ. ಹೀಗಿರುವಾಗ ತಾರಸಿಯಲ್ಲಿ ಒಣಹಾಕಿದ್ದ ರಾಗಿ ತಿರುವಲು ಹೋಗಿ, ಟ್ಯಾಂಕಿನಿಂದ ಉಕ್ಕಿದ್ದ ನೀರಿನ ಮೇಲೆ ಕಾಲು ಜಾರಿ ಬಿದ್ದರು. ಆಸ್ಪತ್ರೆಗೆ ಹೋಗುವಾಗ ಅವರನ್ನು ಹೇಗೆ ಇಳಿಸಿದೆವೋ ದೇವರಿಗೇ ಗೊತ್ತು, ಆ ಕಿರುಚಾಟಕ್ಕೆ ಬಾಡಿಗೆಯವರೆಲ್ಲ ಹೊರಗೆ ಬಂದಿದ್ದರು. ವಾಪಸು ಬಂದ ದಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಮ್ಮ ಮನೆಯವರೂ ಇನ್ನಿಬ್ಬರೂ ಎತ್ತಲು ನೋಡಿದರು. ಮೊದಲನೇ ತಿರುವಿನಲ್ಲೇ ಕುರ್ಚಿಯ ಕಾಲು ಮೆಟ್ಟಿಲಿನ ಸರಳಿಗೆ ಸಿಕ್ಕಿಕೊಂಡಿತು, ಹೊಲಿಗೆ ಹಾಕಿದ್ದ ಕಡೆ ಗೋಡೆ ತಗುಲಿತು.

"ಇಳಿಸ್ರೋ! ಎಣ ಎತ್ದಂಗೆ ಎತ್ತಬ್ಯಾಡ್ರೋ ನನ್ನ! ನನ್ ಕಾಲ್ನಾಗೆ ನಾನೇ ಬತ್ತೀನಿ" ಎಂದು ಅತ್ತೆ ಗೋಳಾಡಿದರು.

ಮಾವನನ್ನು ಕೆಳಗೆ ತರುವ ಮಾತೂ ಬಂತು. ಅಲುಗಾಡಿಸಬೇಡಿ ಎಂದರು ಡಾಕ್ಟರು. ಅವರ ಹ್ಯಾಂಡಲ್ ತಿರುಗಿಸುವ ಮಂಚ ಕೆಳಗಿನ ಕೋಣೆಯ ಬಾಗಿಲಲ್ಲಿ ಹಿಡಿಯುತ್ತಲೂ ಇರಲಿಲ್ಲ. ಕಡೆಗೆ ನೆಲಮಟ್ಟದಲ್ಲಿ ಖಾಲಿ ಬಿದ್ದಿದ್ದ ಬಾಡಿಗೆ ಕೋಣೆಯಲ್ಲೇ ಅತ್ತೆಗೆ ಹಾಸಿಗೆ ಹಾಕಿದೆವು. ಲಿಫ್ಟಿನ ಜಾಗವನ್ನು ಸೇರಿಸಿಕೊಂಡಿದ್ದ ಕೋಣೆ ಅದೇ. ಮಂಚ ಹಾಕಲು ಬೇರೆ ಕಡೆ ಗೋಡೆ ಸಿಗದೆ, ಲಿಫ್ಟು ಬರಬೇಕಿದ್ದ ಆ ಮೂಲೆಯಲ್ಲೇ ಹಾಕಿದೆವು. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಹೀಗೆ ಒಂದೇ ಕಟ್ಟಡದಲ್ಲಿ ಗಂಡ ಮೇಲೆ, ಹೆಂಡತಿ ಕೆಳಗೆ ಆದರು. ನಾನು ನಡುವೆ ಹತ್ತುತ್ತಾ ಇಳಿಯುತ್ತಾ ಇದ್ದೆ. ಫೋನಿನಲ್ಲಿ ಮುಖ ತೋರಿಸಿದರೆ ಅತ್ತೆಗೆ ಸಮಾಧಾನವಿಲ್ಲ. "ಬರೀ ಮೂಗೇ ಕಾಣ್ತದೆ, ತೆಗಿ ಅತ್ಲಾಗೆ" ಎನ್ನುವರು. ಮಾವನಂತೂ ಫೋನು ಹಿಡಿದರೆ ಕಣ್ಣು ಮುಚ್ಚಿಬಿಡುತ್ತಿದ್ದರು. ನಾನು ಊಟ ಮಾಡಿಸಲು ಕೂತರೆ ನಾಲ್ಕು ತುತ್ತಿಗೇ ತುಟಿ ಬಿಗಿದು ಬಾಗಿಲ ಕಡೆ ನೋಡುವರು. ದಿನದಿಂದ ದಿನಕ್ಕೆ ಅವರ ಕೊರಳಿನ ಮೂಳೆ ಎದ್ದು ಕಾಣತೊಡಗಿತು. ಕೆಳಗೆ ಬಂದಾಗ ಅತ್ತೆ ಮೊದಲು ನೋಡುತ್ತಿದ್ದುದು ನನ್ನ ಮುಖವನ್ನಲ್ಲ, ತಟ್ಟೆಯನ್ನು. ಅದಕ್ಕೇ ತಟ್ಟೆ ತೊಳೆದುಕೊಂಡೇ ಇಳಿಯುವುದನ್ನು ಅಭ್ಯಾಸ ಮಾಡಿಕೊಂಡೆ. ತೊಳೆದ ತಟ್ಟೆಯನ್ನೂ ಅವರು ಓದುತ್ತಿದ್ದರು.

ಪೆಡಲ್ ಶುರುವಾದ ಮೇಲೆ ಮೊದಲ ತೊಂದರೆ ಬಂದದ್ದು ಕಾಲುಂಗುರದಿಂದ. ಆಪರೇಷನ್ ಆದ ಕಾಲು ಊದಿಕೊಂಡಿತ್ತು. ಬೆರಳ ಮಾಂಸದೊಳಗೆ ಬೆಳ್ಳಿ ಹೂತುಹೋಗಿತ್ತು. ಪಾದ ಜಾರದಿರಲೆಂದು ಪೆಡಲಿಗೆ ಹಾಕಿದ್ದ ಪಟ್ಟಿ ಸರಿಯಾಗಿ ಅದರ ಮೇಲೆಯೇ ಒತ್ತಿ, ಎರಡೇ ದಿನಕ್ಕೆ ಚರ್ಮ ಕೆಂಪಾಯಿತು.

"ಆಂಟಿ, ಇದನ್ನ ಕಟ್ ಮಾಡ್ಸಿಬಿಡಿ. ಗಾಯ ಆದ್ರೆ ಕಷ್ಟ" ಎಂದಳು ಹುಡುಗಿ.

ಅತ್ತೆ ಪಾದ ಹಿಂದೆಳೆದುಕೊಂಡರು. "ಮೇಲೆ ನನ್ ಗಂಡ ಉಸಿರಾಡ್ತಾವ್ರೆ. ಕಾಲುಂಗ್ರ ಕತ್ತರ್ಸು ಅಂತೀಯಾ? ಕಾಲೇ ಕತ್ತರ್ಸು ಬೇಕಾದ್ರೆ."

ನಾನು ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿ ಸಿಸ್ಟರುಗಳು ಕಲಿಸಿದ ಇಂಗ್ಲಿಷು ಈ ಮನೆಯಲ್ಲಿ ಯಾವ ಕೆಲಸಕ್ಕೂ ಬರಲಿಲ್ಲ, ಕಲಿಸಿದ ಹೊಲಿಗೆ ಬಂತು. ಮಗಳ ಹಳೆಯ ಬಿಳಿ ಸ್ಕೂಲ್ ಸಾಕ್ಸನ್ನು ಬೆರಳಿನ ಹತ್ತಿರ ಕತ್ತರಿಸಿ, ಒಳಗೆ ಹತ್ತಿಯ ಒಂದು ಪದರ ಇಟ್ಟು, ಉಂಗುರದ ಜಾಗಕ್ಕೆ ಸಣ್ಣ ಕಿಂಡಿ ಬಿಟ್ಟು, ಅಂಚು ಮಡಿಸಿ ಹೊಲಿದೆ. ಅತ್ತೆ ಅದನ್ನು ಹಾಕಿಸಿಕೊಂಡು ಕಾಲು ಚಾಚಿ ನೋಡಿಕೊಂಡರು.

"ಏನ್ ಕಾನ್ವೆಂಟಮ್ಮ, ಈ ವಯಸ್ನಾಗೆ ನನ್ನ ಇಸ್ಕೂಲಿಗೆ ಸೇರ್ಸ್‌ಬುಟ್ಯಲ್ಲ!"

ಎರಡನೇ ತೊಂದರೆಗೆ ಮದ್ದು ಅವರೇ ಹೇಳಿದರು. ಆ ನುಣ್ಣನೆಯ ಟೈಲ್ಸಿನ ಮೇಲೆ ತುಳಿದಷ್ಟೂ ಯಂತ್ರ ಮುಂದೆ ಮುಂದೆ ಜಾರುತ್ತಿತ್ತು. "ಗೋಣಿಚೀಲ ನೆನೆಸಿ ಅಡೀಗಾಕು. ಒರಳಿಗೆ ಆಕಲ್ವಾ, ಅಂಗೆ" ಎಂದರು. ಹಾಕಿದೆ. ಮತ್ತೆ ಅದು ಕದಲಲಿಲ್ಲ. ಕೋಣೆಯಲ್ಲಿ ಮಾತ್ರ ಒದ್ದೆ ಗೋಣಿಯ ವಾಸನೆ ನಿಂತುಬಿಟ್ಟಿತು. ಅತ್ತೆ ಮೂಗೆಳೆದು, "ಕಣದ ವಾಸ್ನೆ" ಎಂದರು. ಸ್ವಲ್ಪ ಹೊತ್ತು ತುಳಿದು, "ಎತ್ತು ಕಣ ಸುತ್ತಿದ್ರೆ ರಾಗಿ ಉದುರ್ತದೆ. ನಾನಿಂಗೆ ಸುತ್ತಿದ್ರೆ ಏನುದುರ್ತದೋ" ಎಂದರು.

ಉದುರುತ್ತಿದ್ದದ್ದು ಬೆವರು, ಒಮ್ಮೊಮ್ಮೆ ಕಣ್ಣೀರು. ಬೆಳಿಗ್ಗೆ ನಾನು ಕಾಫಿ ತರುವ ಮೊದಲೇ ಒಮ್ಮೆ, ಸಂಜೆ ದೀಪ ಹಚ್ಚುವ ಮೊದಲು ಒಮ್ಮೆ ತುಳಿಯುವರು. ಗಟ್ಟಿಯಾಗಿ ಹಲ್ಲು ಕಚ್ಚಿದರೆ ಬಲಗಿವಿಯ ಓಲೆ ಸಣ್ಣಗೆ ನಡುಗುತ್ತಿತ್ತು. ಸಾಕು ಬಿಡಿ ಅತ್ತೆ ಎಂದರೆ, "ನಿನ್ ಮಾವ ಇವತ್ತು ಎಷ್ಟ್ ತಿಂದ್ರು?" ಎಂದು ಕೇಳಿ, ನಾನು ತಡವರಿಸಿದರೆ ಮತ್ತೆ ತುಳಿಯತೊಡಗುವರು.

ಪಕ್ಕದ ಕೋಣೆಯಲ್ಲಿ ಯಾದಗಿರಿ ಕಡೆಯ ಒಬ್ಬ ಹೆಂಗಸಿದ್ದಳು. ಆಫೀಸೊಂದರಲ್ಲಿ ನೆಲ ಒರೆಸುವ ಕೆಲಸ, ಗಂಡ ಗಾರೆ ಕೆಲಸಕ್ಕೆ ಹೋಗುತ್ತಿದ್ದ. ಮೇಲೆ ಇದ್ದಾಗ ಅತ್ತೆ ಸರಳಿಗೆ ಮುಖ ಕೊಟ್ಟು, "ನಲ್ಲಿ ನಿಲ್ಸ್ರವ್ವ, ಟ್ಯಾಂಕರ್ ನೀರು!" ಎಂದು ಅವಳಿಗೆ ದಿನವೂ ಕೂಗುತ್ತಿದ್ದರು. ಈಗ ಇಬ್ಬರದೂ ಅಕ್ಕಪಕ್ಕದ ಬಾಗಿಲು. ಕೆಲಸ ಮುಗಿಸಿ ಬಂದವಳು ಹೊಸ್ತಿಲಲ್ಲಿ ನಿಂತು ಕೇಳುವಳು:

"ಯವ್ವಾ, ನಿಮ್ಮ ಗಾಡಿ ಎಲ್ಲೀತನಾ ಬಂತು? ಮಾರತ್ತಹಳ್ಳಿ ದಾಟೇತೇನು?"

"ಟ್ರಾಪಿಕ್ಕು ಕಣವ್ವ. ಇನ್ನೂ ಸಿಗ್ನಲ್ನಾಗೇ ಅವ್ನಿ."

"ಹಾರ್ನ್ ಹೊಡೀರಿ ಮತ್ತ!"

ಅತ್ತೆ ಬಾಯಲ್ಲೇ ಹಾರ್ನ್ ಹೊಡೆಯುವರು. ನಗು ಬಂದರೆ ಸೊಂಟ ನೋಯುತ್ತಿತ್ತು, ಆದರೂ ನಗುವರು. ಮೇಲಿನಿಂದ ಕೂಗುತ್ತಿದ್ದ ಆ ಹೆಂಗಸು ಇವರೇನಾ ಎಂದು ನನಗೆ ಅನ್ನಿಸುತ್ತಿತ್ತು.

ನಿಧಾನವಾಗಿ ಕಾಲಿಗೆ ಬಲ ಬಂತು. ಕೈ ಊರದೆ ಕುರ್ಚಿಯಿಂದ ಎದ್ದರು. ಹುಡುಗಿ ಪೆಡಲಿನ ತಿರುಪನ್ನು ಇನ್ನಷ್ಟು ಬಿಗಿ ಮಾಡಿದಳು. ಆಮೇಲೆ ಗೋಡೆ ಹಿಡಿದು ಮೆಟ್ಟಿಲ ಬುಡದವರೆಗೆ, ಆಮೇಲೆ ಮೆಟ್ಟಿಲು. "ಹತ್ತುವಾಗ ಒಳ್ಳೆ ಕಾಲು ಮೊದ್ಲು, ಇಳಿಯುವಾಗ ನೋವಿನ ಕಾಲು ಮೊದ್ಲು. ಮರೀಬಾರ್ದು ಅಜ್ಜಿ" ಎಂದು ಹೇಳಿಕೊಟ್ಟಳು. ಅತ್ತೆ ಅದನ್ನು ಕೋಣೆಯಲ್ಲಿ ಕೂತು ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತಿದ್ದುದನ್ನು ಕೇಳಿದ್ದೇನೆ.

ಊತವೂ ಇಳಿಯಿತು. ಒಂದು ದಿನ ಸಾಕ್ಸ್ ತೆಗೆಯುವಾಗ ಉಂಗುರ ಅದರ ಜೊತೆಗೇ ಸರಿದು ಬೆರಳ ತುದಿಗೆ ಬಂತು. ಅತ್ತೆ ಗಾಬರಿಯಿಂದ ಅದನ್ನು ಒತ್ತಿ ಹಿಡಿದರು. "ಬಿದ್ದೋದಾತು! ದಾರ ಸುತ್ಕೊಡವ್ವ." ನಾನು ಹೊಲಿಗೆ ಡಬ್ಬಿ ತಂದು, ದಾರಕ್ಕೆ ಅರಿಶಿನ ಹಚ್ಚಿ, ಎರಡೂ ಕಾಲುಂಗುರಗಳ ಒಳಮೈಗೆ ಒತ್ತೊತ್ತಾಗಿ ಸುತ್ತಿ, ಬೆರಳಿಗೆ ಬಿಗಿಯಾಗಿ ಕೂರುವಂತೆ ಗಂಟು ಹಾಕಿದೆ. ಅವರು ಪಾದ ಅಲುಗಾಡಿಸಿ ಪರೀಕ್ಷೆ ಮಾಡಿ, "ಇನ್ನೆಲ್ಲೋಯ್ತದೆ" ಎಂದರು.

ಒಂದನೇ ಮಹಡಿ ಮುಟ್ಟಿದರು. ಕೆಲವು ವಾರಗಳಲ್ಲಿ ಎರಡನೆಯದನ್ನೂ. ಅಲ್ಲಿಯ ತಿರುವಿನಲ್ಲಿ ಪಕ್ಕದ ಕೋಣೆಯ ಹೆಂಗಸು ತನ್ನ ಮನೆಯ ಸ್ಟೂಲನ್ನು ಮೊದಲೇ ತಂದಿಟ್ಟಿದ್ದಳು. ಆ ದಿನ ಅತ್ತೆಯನ್ನು ಅವಳೂ ಫಿಸಿಯೋ ಹುಡುಗಿಯೂ ಹತ್ತಿಸಿದರು. ಬಾಗಿಲು ತೆರೆದಿಟ್ಟು ಮಾವನ ಹತ್ತಿರ ಕೂತಿರು ಎಂದು ನನಗೆ ಆಜ್ಞೆಯಾಗಿತ್ತು. ಕೆಳಗಿನಿಂದ ಮೊದಲು ಏದುಸಿರು ಕೇಳಿತು. ಆಮೇಲೆ ದನಿ.

"ಏನೂಂದ್ರೇ... ಕೇಳ್ತೈತಾ? ನಾನು. ಎಲ್ಡನೇ ಮಾಡಿಗೆ ಬಂದಿವ್ನಿ!"

ಮಾವ ಕಣ್ಣು ತೆರೆದರು. ಎಡಗೈಯನ್ನು ಮೆಲ್ಲನೆ ಎತ್ತಿ, ಎದೆಯ ಮೇಲೆ ಮುದುರಿದ್ದ ಹೊದಿಕೆಯನ್ನು ಎಳೆದು ಸರಿಮಾಡಿಕೊಂಡರು. ಆಮೇಲೆ, ನಾನು ಅದುವರೆಗೆ ಕೇಳಿರದಷ್ಟು ಉದ್ದವಾಗಿ, "ಊಂ..." ಎಂದರು.

"ಉಂಡ್ರಾ?"

"ಊಂ."

"ಸುಳ್ಳು!" ಎಂದಿತು ಕೆಳಗಿನ ದನಿ.

ಮಾವನ ಬಾಯಿಯ ಎಡಗಡೆ ಒಂದಿಷ್ಟು ಮೇಲಕ್ಕೆ ಹೋಯಿತು. ಆ ಮಧ್ಯಾಹ್ನ ತಟ್ಟೆ ಖಾಲಿ ಮಾಡಿದರು. ತೊಳೆಯದೆ ತೆಗೆದುಕೊಂಡು ಹೋಗಿ ಅತ್ತೆಗೆ ತೋರಿಸಿದೆ.

ಇನ್ನು ಉಳಿದದ್ದು ಒಂದೇ ಮಹಡಿ. ಇವತ್ತಿಗೆ ಸಾಕು, ಇಳಿಯಲೂ ಬಲ ಬೇಕಲ್ಲ, ಮುಂದಿನ ಸಲ ನಾನು ಬಂದಾಗ ಪೂರ್ತಿ ಹತ್ತೋಣ ಎಂದು ಹೇಳಿ ಹುಡುಗಿ ಹೋಗಿದ್ದಳು. ಅತ್ತೆ ಸಂಭ್ರಮದಿಂದ ಏರ್ಪಾಡು ಶುರುಮಾಡಿದರು. ಪೆಟ್ಟಿಗೆಯಿಂದ ಹಸಿರು ಸೀರೆ ತೆಗೆಸಿ ಇಸ್ತ್ರಿ ಮಾಡಿಸಿದರು. "ಅವ್ರಿಗೆ ಗಡ್ಡ ತೆಗೆಸಿಡು, ಕರಡಿ ನೋಡಕ್ಕಲ್ಲ ನಾನು ಬರ್ತಿರದು" ಎಂದರು. ಕ್ಷೌರದವನನ್ನು ಮೇಲಕ್ಕೆ ಕರೆಸಿದೆ. ಮಾವ ಗದ್ದ ಎತ್ತಿ ಕೊಟ್ಟರು.

ಹುಡುಗಿ ಮತ್ತೆ ಬಂದ ದಿನ ಅತ್ತೆ ಹತ್ತಲಿಲ್ಲ.

"ನಾಳಿದ್ದು ಅಮಾಸೆ ಐತೆ. ಉಸಾರಿಲ್ದೋರ್ನ ಅಮಾಸೆ ಒತ್ನಾಗೆ ನೋಡಕ್ಕೋಗಬಾರ್ದು. ಕಳೀಲಿ, ಪಾಡ್ಯದ ಮಾರನೇ ದಿನ ಓಗನ" ಎಂದರು.

ನಮ್ಮ ಕಡೆ ಇದು ಎಲ್ಲರೂ ಪಾಲಿಸುವ ರಿವಾಜು. ಕಾಯಿಲೆಯವರ ಮನೆಗೆ ಹಣ್ಣು ತೆಗೆದುಕೊಂಡು ಹೋಗುವವರು ಮಂಗಳವಾರ, ಅಮಾವಾಸ್ಯೆ ನೋಡಿಯೇ ಹೊರಡುವುದು. ಇಷ್ಟು ದಿನ ಕಾದದ್ದಾಯಿತು, ಇನ್ನು ನಾಲ್ಕು ದಿನ ಎಂದು ಹುಡುಗಿಯೂ ಒಪ್ಪಿದಳು. ಹಸಿರು ಸೀರೆ ಕುರ್ಚಿಯ ಬೆನ್ನಿನ ಮೇಲೆಯೇ ಉಳಿಯಿತು.

ಅಮಾವಾಸ್ಯೆಯ ದಿನ ಬೆಳಗಾಗುವ ಹೊತ್ತಿಗೆ ಮಾವ ಹೋದರು. ನಾನು ಕಾಫಿಗೆ ಹಾಲು ಇಟ್ಟಿದ್ದೆ. ಮುಖ ಒರೆಸಲು ಹೋದ ನಮ್ಮ ಮನೆಯವರು ಒದ್ದೆ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ಅಡುಗೆಮನೆಗೆ ಬಂದು ನಿಂತರು. ನಾನು ಒಲೆ ಆರಿಸಿದೆ.

ಕೆಳಗೆ ಹೇಳಬೇಕಾದವಳು ನಾನೇ. ಅಷ್ಟು ಮೆಟ್ಟಿಲು ಇಳಿಯುವಾಗಲೂ ಪೆಡಲಿನ ಕಿರ್ ಕಿರ್ ಸದ್ದು ಕೇಳುತ್ತಿತ್ತು. ಅತ್ತೆ ಬೆಳಗಿನ ಪಾಳಿ ಶುರುಮಾಡಿದ್ದರು. ಬಾಗಿಲಲ್ಲಿ ನಿಂತೆ. ಅವರು ನನ್ನ ಮುಖ ನೋಡಲಿಲ್ಲ, ಎಂದಿನಂತೆ ಕೈ ನೋಡಿದರು. ಕಾಫಿಯ ಫ್ಲಾಸ್ಕು ಇರಲಿಲ್ಲ. ಖಾಲಿ ಕೈಯನ್ನೇ ನೋಡುತ್ತಾ ಕೂತರು. ಕಾಲುಗಳು ಮಾತ್ರ ಇನ್ನೂ ಸುತ್ತುತ್ತಲೇ ಇದ್ದವು. ನಾನು ಹೋಗಿ ಮೊಣಕಾಲ ಮೇಲೆ ಕೈ ಇಟ್ಟ ಮೇಲೆ ನಿಂತವು.

ಮಾವನನ್ನು ಕೆಳಗೆ ತಂದರು. ಕುರ್ಚಿ ಸಿಕ್ಕಿಕೊಂಡಿದ್ದ ಅದೇ ತಿರುವಿನಲ್ಲಿ, ಬೆಡ್‌ಶೀಟಿನಲ್ಲಿ ಸುತ್ತಿದ್ದವರನ್ನು ಹೆಚ್ಚುಕಮ್ಮಿ ನಿಲ್ಲಿಸಿಕೊಂಡೇ ತಿರುಗಿಸಿದರು. ಶಾಮಿಯಾನದ ಕೆಳಗೆ, ಅತ್ತೆಯ ಬಾಗಿಲ ಎದುರಿಗೇ ಮಲಗಿಸಿದರು. ಅತ್ತೆ ಯಾರ ಕೈಯನ್ನೂ ಹಿಡಿಯದೆ ಕುರ್ಚಿಯಿಂದ ಎದ್ದು, ನಡೆದು ಬಂದು, ಹತ್ತಿರ ಕೂತರು. ನುಣ್ಣಗಿದ್ದ ಗದ್ದವನ್ನು ಸವರಿದರು.

"ನೀವೇ ಬಂದ್ಬುಟ್ರಾ" ಎಂದರು.

ಹೆಂಗಸರೆಲ್ಲ ಗೊಳೋ ಎಂದರು. ಅತ್ತೆ ಅಳಲಿಲ್ಲ. ಬಹಳ ಹೊತ್ತಾದ ಮೇಲೆ, ನನ್ನ ಕಡೆ ತಿರುಗಿ, ಲೆಕ್ಕ ಎಲ್ಲಿ ತಪ್ಪಿತು ಎಂದು ಹುಡುಕುವವರ ಹಾಗೆ ಮೆಲ್ಲನೆ ಹೇಳಿದರು: "ನನ್ ಗಂಡ, ನನ್ ಮನೆ. ನೆಂಟ್ರಂಗೆ ದಿನ ನೋಡ್ಕಂಡು ಕೂತಿದ್ನಲ್ಲವ್ವ."

ಕೆಳಗಿನ ಕೋಣೆಯಲ್ಲಿ ಇರುತ್ತಾ ಇರುತ್ತಾ, ಮೇಲಿನ ಮನೆ ಅವರಿಗೆ ಹಣ್ಣು ಹಿಡಿದು ಹೋಗುವ ಮನೆಯಾಗಿಬಿಟ್ಟಿತ್ತು. ನಮ್ಮಲ್ಲಿ ಯಾರಿಗೂ ಅದು ಗೊತ್ತೇ ಆಗಿರಲಿಲ್ಲ.

ಕಾರ್ಯದ ದಿನ ಕಾಲುಂಗುರ ತೆಗೆಯುವಾಗ ಮುತ್ತೈದೆಯರು ನೋಡಬಾರದೆಂದು ನನ್ನನ್ನು ಹೊರಗೆ ಕಳಿಸಿದರು. ಮೆಟ್ಟಿಲ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ವಯಸ್ಸಾದ ಸಂಬಂಧಿಯೊಬ್ಬರು ಬಾಗಿಲು ಓರೆ ಮಾಡಿ, "ಕತ್ತರಿ ಐತೇನವ್ವ? ದಾರ ಸುತ್ತವ್ರೆ" ಎಂದರು. ನನ್ನ ಹೊಲಿಗೆ ಡಬ್ಬಿಯಿಂದ ಚಿಕ್ಕ ಕತ್ತರಿ ತೆಗೆದು ಕೊಟ್ಟೆ. ಒಳಗೆ ಕತ್ತರಿಯ ಸಣ್ಣ ಸದ್ದು. ಆಮೇಲೆ ಅದೇ ಹೆಂಗಸಿನ ದನಿ: "ಯಪ್ಪಾ, ಸಲೀಸಾಗಿ ಬಂದ್ವಲ್ಲ. ನನ್ನವು ತೆಗೆಯೋವಾಗ ಸೋಪಿನ ನೀರು ಆಕಿ ಎಳೆದಿದ್ರು, ರಕ್ತ ಬಂದಿತ್ತು."



ಆಮೇಲೆ ಪೆಡಲನ್ನು ಮಂಚದಡಿಗೆ ತಳ್ಳಿದೆವು. ಗೋಣಿಚೀಲ ಒಣಗಿ ಗಡುಸಾಗಿತ್ತು, ಹೊರಗೆ ಹಾಕಿದೆ. ಫಿಸಿಯೋ ಹುಡುಗಿ ಫೋನ್ ಮಾಡಿ ಅತ್ತಳು. ಸದ್ಯಕ್ಕೆ ಬರಬೇಡಮ್ಮ ಎಂದೆ. ಯಾರಿಗಾದರೂ ಉಪಯೋಗವಾಗಲಿ, ಕೊಟ್ಟುಬಿಡೋಣ ಎಂದರು ನಮ್ಮ ಮನೆಯವರು. ಪಕ್ಕದ ಕೋಣೆಯ ಹೆಂಗಸು ಬಾಗಿಲಲ್ಲಿ ನಿಲ್ಲುವಳು, ಗಾಡಿಯ ಮಾತು ಎತ್ತದೆ ಹೋಗುವಳು. ಅತ್ತೆ ಗೋಡೆ ನೋಡುತ್ತಾ ಮಲಗಿರುತ್ತಿದ್ದರು. ಊತ ಮತ್ತೆ ಬರುತ್ತದೇನೋ ಎಂದು ನಾನು ಹೆದರುತ್ತಿದ್ದೆ.

ಒಂದು ಮಧ್ಯಾಹ್ನ ಒಣಗಿದ ಬಟ್ಟೆ ತೆಗೆದುಕೊಂಡು ಬರುವಾಗ ಆ ಕಿರ್ ಕಿರ್ ಕೇಳಿತು. ಅತ್ತೆ ತಾವೇ ಯಂತ್ರವನ್ನು ಎಳೆದು ಹಾಕಿಕೊಂಡಿದ್ದರು. ಗೋಣಿಚೀಲ ಇರಲಿಲ್ಲವಾದ್ದರಿಂದ ಅದು ಜಾರಿ ಗೋಡೆಗೆ ಒರಗಿ ನಿಂತಿತ್ತು. ಸಾಕ್ಸ್ ತರಲೆಂದು ಕಪಾಟಿನ ಕಡೆ ತಿರುಗಿದವಳು ಅವರ ಪಾದ ನೋಡಿ ನಿಂತೆ. ಪೆಡಲಿನ ಪಟ್ಟಿ ಬೆರಳುಗಳ ಮೇಲೆ ನೇರವಾಗಿ, ಎಲ್ಲೂ ಒತ್ತದೆ ಕೂತಿತ್ತು. ಉಂಗುರವಿದ್ದ ಜಾಗದಲ್ಲಿ ಚರ್ಮ ಎಳೆಗೂಸಿನದರಂತೆ ಬೆಳ್ಳಗಿತ್ತು, ಅದರ ಅಂಚಿಗೆ ಅರಿಶಿನದ ಬಣ್ಣ ಇನ್ನೂ ಹೋಗಿರಲಿಲ್ಲ.

"ಅತ್ತೆ, ಇನ್ಯಾಕೆ..." ಎಂದು ಬಾಯಿಗೆ ಬಂದದ್ದನ್ನು ಅರ್ಧಕ್ಕೇ ನುಂಗಿದೆ.

"ಅವ್ರ ಬಟ್ಟೆ ಬೀರುನಾಗೆ ಅಂಗೇ ಅವೆ ಅಲ್ವಾ?"

"ಅವೆ ಅತ್ತೆ."

"ಮುಟ್ಟಬ್ಯಾಡಿ ಯಾರೂ. ನಾನೇ ಬಂದು ತೆಗೀತೀನಿ."

ಹೋಗಿ ಗೋಣಿಚೀಲ ನೆನೆಸಿ ತಂದು ಅಡಿಗೆ ಹಾಕಿದೆ.

ಅವರು ಹತ್ತಿದ್ದು ಒಂದು ಗುರುವಾರ. ಯಾವ ದಿನ ಒಳ್ಳೆಯದು ಎಂದು ಕೇಳಲಿಲ್ಲ, ಕ್ಯಾಲೆಂಡರ್ ನೋಡಿಸಲಿಲ್ಲ. ಬೆಳಿಗ್ಗೆ ಎದ್ದು, "ನಡಿ" ಎಂದರು. ನಾನು ಒಂದು ಕಡೆ, ಪಕ್ಕದ ಕೋಣೆಯವಳು ಒಂದು ಕಡೆ. ಎರಡನೇ ಮಹಡಿಯ ತಿರುವಿನಲ್ಲಿ ಸ್ಟೂಲು ಹಾಗೇ ಇತ್ತು, ಯಾರೋ ಅದರ ಮೇಲೆ ಖಾಲಿ ನೀರಿನ ಕ್ಯಾನ್ ಇಟ್ಟಿದ್ದರು. ಅವಳು ಕ್ಯಾನ್ ತೆಗೆದಳು, ಅತ್ತೆ ಕೂತರು. ಉಸಿರು ಹತೋಟಿಗೆ ಬರುವವರೆಗೆ ಸರಳು ಹಿಡಿದುಕೊಂಡಿದ್ದರು. ಆಮೇಲೆ ತಲೆ ಎತ್ತಿ ಮೇಲೆ ನೋಡಿದರು. ಕೂಗಲು ಹೊರಟವರ ಹಾಗೆ ಬಾಯಿ ತೆರೆಯಿತು. ಹಾಗೇ ಸ್ವಲ್ಪ ಹೊತ್ತು ತೆರೆದೇ ಇತ್ತು.

"ಬಾಗ್ಲು ತೆಗೆದೈತಾ?" ಎಂದು ನನ್ನನ್ನು ಕೇಳಿದರು.

"ತೆಗೆದಿದೆ ಅತ್ತೆ."

ಅವರು ಸೆರಗು ಎಳೆದು ಹೆಗಲ ಮೇಲೆ ಸರಿಮಾಡಿಕೊಂಡರು. ಒಳ್ಳೆಯ ಕಾಲನ್ನು ಮೊದಲು ಎತ್ತಿ ಮೆಟ್ಟಿಲ ಮೇಲಿಟ್ಟರು.